ಬಳೆ ಎಂಬ ಹೆಸರಿನ ಕಳವು

"ನಮ್ಮ ಹೆಸರನ್ನ ಕದ್ದಿದ್ದಾರೆ," ಎಂದರು ಬಂದ ಹೆಂಗಸು. ಕುರ್ಚಿ ತೋರಿಸಿದರೂ ಕೂತಿರಲಿಲ್ಲ.

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಅವರನ್ನು ನೋಡಿದಳು. "ಹೆಸರು ಕೆಡಿಸೋರನ್ನ ಬೇಕಾದಷ್ಟು ಜನ ನೋಡಿದ್ದೀನಿ. ಕದ್ದೋರು ಇದೇ ಮೊದಲು. ಕೂತ್ಕೊಂಡು ಹೇಳಿ."

"ಕೂತ್ರೆ ಅಳು ಬರುತ್ತೆ. ನಿಂತೇ ಹೇಳ್ತೀನಿ."

ಆ ಒಂದು ಮಾತಿಗೇ ಚಿಕ್ಕಮ್ಮ ಕೆಲಸ ಒಪ್ಪಿಕೊಂಡಳೆಂದು ನನಗೆ ಗೊತ್ತಾಯಿತು. ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳು ಪತ್ತೇದಾರಿಕೆ ನಡೆಸಿದಷ್ಟು ಕಾಲವೂ ನಾನು ಜೊತೆಗಿದ್ದೆ. ಬಾಗಿಲು ತೆಗೆಯುವುದು, ಸ್ಕೂಟರ್ ಓಡಿಸುವುದು, ಎಲ್ಲ ಮುಗಿದ ಮೇಲೆ ನಡೆದದ್ದನ್ನು ಬರೆದಿಡುವುದು ನನ್ನ ಪಾಲು. ಕೇಳಿಸಿಕೊಳ್ಳುವುದು ಅವಳ ಪಾಲು. ಪೊಲೀಸರು ಬೆರಳಚ್ಚು ಹುಡುಕುವ ಕಡೆ ಅವಳು ಮಾತು ಹುಡುಕುತ್ತಿದ್ದಳು. ಯಾರು ಏನೇ ಅಂದರೂ "ಇನ್ನೊಂದ್ಸಲ ಹೇಳಿ" ಅನ್ನುವುದು ಅವಳ ಪದ್ಧತಿ. ಪಾಪ, ಕಿವಿ ಮಂದವಿರಬೇಕು ಅಂದುಕೊಂಡು ಕೂಗಿ ಮಾತಾಡಿದವರೂ ಇದ್ದರು.

ಬಂದವರು ಒಂದು ಸಣ್ಣ ಕಂಪ್ಯೂಟರ್ ಕಾರ್ಖಾನೆಯ ಯಜಮಾನಿ. ಅಲ್ಲಿ ಕೆಲಸ ಮಾಡುವವರೆಲ್ಲ, ವಯಸ್ಸಿನಲ್ಲಿ ಹಿರಿಯರು ಕೂಡ, ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಿಂತಲ್ಲೇ ಅವರು ಹೇಳಿದ ಕತೆ ಹೀಗಿತ್ತು.

ಅವರು, ಅವರ ತಂಗಿ, ಇನ್ನೂ ಹಲವು ಹೆಂಗಸರು ಮೊದಲು ಊರಿನ ದೊಡ್ಡ ಕಂಪ್ಯೂಟರ್ ಕಂಪನಿಯೊಂದರಲ್ಲಿ ಜೋಡಣೆಯ ಕೆಲಸಕ್ಕಿದ್ದರು. ಮನುಷ್ಯರ ಮೈಯಲ್ಲಿ ಸೇರಿಕೊಳ್ಳುವ ಸಣ್ಣ ವಿದ್ಯುತ್ತು ಬೆರಳ ತುದಿಯಿಂದ ಹಾರಿದರೆ ಕಂಪ್ಯೂಟರಿನ ಚಿಪ್ ಸುಟ್ಟು ಹೋಗುತ್ತದೆ. ಅದಕ್ಕೇ ಜೋಡಣೆಗೆ ಕೂರುವವರು ಮಣಿಕಟ್ಟಿಗೊಂದು ಪಟ್ಟಿ ತೊಟ್ಟು, ಅದರ ತಂತಿಯನ್ನು ಮೇಜಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹೆಂಗಸರು ಆ ಪಟ್ಟಿಗೆ ಬಳೆ ಎನ್ನುತ್ತಿದ್ದರು. ದೊಡ್ಡ ಕಂಪನಿಯಲ್ಲಿ ಆ ಬಳೆಗಳು ಸವೆದು ಹೋಗಿದ್ದವು; ಚಿಪ್‌ಗಳು ಸುಡುತ್ತಿದ್ದವು; ಬೈಗುಳ ಹೆಂಗಸರಿಗೆ ಬೀಳುತ್ತಿತ್ತು. ಹೊಸ ಬಳೆ ಕೊಡಿಸಿ ಎಂದು ಕೇಳಲು ಹೋದಾಗ ಮ್ಯಾನೇಜರು, ಬಳೆ ತೊಟ್ಟವರು ಹೇಳಿದಂತೆ ಕುಣಿಯೋದಕ್ಕೆ ನಾನೇನು ಬಳೆ ತೊಟ್ಟುಕೊಂಡು ಕೂತಿದ್ದೀನಾ ಎಂದು ಎಲ್ಲರೆದುರು ನಕ್ಕರಂತೆ. ಯಜಮಾನಿ ತಮ್ಮ ಕೈಯ ಪಟ್ಟಿ ಬಿಚ್ಚಿ ಅವರ ಮೇಜಿನ ಮೇಲಿಟ್ಟು ಹೊರಗೆ ನಡೆದರು. ಹಿಂತಿರುಗಿ ನೋಡಿದರೆ ಇಡೀ ಸಾಲು ಎದ್ದು ಬಂದಿತ್ತು. ಜೊತೆಗೆ ಉಗ್ರಾಣದ ಮಾಮ ಎಂಬ ಒಬ್ಬ ಗಂಡಸೂ ಬಂದಿದ್ದರು.

ಹಾಗೆ ಬಂದವರು ಬಾಡಿಗೆ ಶೆಡ್ಡಿನಲ್ಲಿ ಸ್ವಂತ ಕಂಪ್ಯೂಟರ್ ಮಾಡಿದರು. ಅದಕ್ಕೆ ಏನು ಹೆಸರೆಂಬ ಚರ್ಚೆಯೇ ಆಗಲಿಲ್ಲ. ಬಳೆ.

"ಮೊನ್ನೆ ತನಕ ಆ ಹೆಸರು ಹೊರಗೆ ಯಾರಿಗೂ ಗೊತ್ತಿರ್ಲಿಲ್ಲ," ಎಂದರು ಯಜಮಾನಿ. "ಈ ವಾರ ವಸ್ತುಪ್ರದರ್ಶನದಲ್ಲಿ ಮೊದಲನೇ ಸಲ ಇಡ್ಬೇಕು ಅಂತಿದ್ವಿ. ಇವತ್ತು ಬೆಳಗ್ಗೆ ಪೇಪರ್ ಬಿಡಿಸಿದ್ರೆ ಇದು."

ಅದೇ ದೊಡ್ಡ ಕಂಪನಿಯ ಜಾಹೀರಾತು, ಅರ್ಧ ಪುಟದ್ದು. ಕಂಪ್ಯೂಟರಿನ ಚಿತ್ರವಿರಲಿಲ್ಲ. ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬಿ, ಎ, ಎಲ್, ಇ, ಎಚ್ ಎಂದಿತ್ತು. ಅದರ ಹಿಂದೆ ಮೀನು ಹಿಡಿಯುವ ಬಲೆಯ ಚಿತ್ರ. ಕೆಳಗೆ, ಜಗತ್ತನ್ನೇ ಜೋಡಿಸುವ ಜಾಲ ಎಂಬ ಅರ್ಥದ 'ಬಲೆ' ಎಂಬ ಪದದಿಂದ ಈ ಹೆಸರು ಹುಟ್ಟಿದೆ, ಬೇರಾವ ಪದಕ್ಕೂ ಇದಕ್ಕೂ ಸಂಬಂಧವಿಲ್ಲ, ಎಂಬ ವಿವರಣೆ. ಈ ಅಕ್ಷರಗಳನ್ನು ಇನ್ನು ಯಾರೂ ಬಳಸಕೂಡದು ಎಂದು ಕಂಪನಿಯವರು ಫೋನಿನಲ್ಲೂ ತಾಕೀತು ಮಾಡಿದ್ದರು.

"ಕೊನೇಲಿ ಎಚ್ ಯಾಕಿದೆ?" ಎಂದು ಚಿಕ್ಕಮ್ಮ ಕೇಳಿದಳು.

ಎಚ್ ಇಲ್ಲದಿದ್ದರೆ ಇಂಗ್ಲಿಷ್ ಬಲ್ಲವರು 'ಬೇಲ್' ಎಂದು ಓದಿ ಹತ್ತಿಯ ಮೂಟೆ ಅಂದುಕೊಳ್ಳುತ್ತಾರೆ. ಅದಕ್ಕೆ ತಾವೇ ಯೋಚಿಸಿ ಎಚ್ ಸೇರಿಸಿದ್ದೆಂದು ಯಜಮಾನಿ ಹೇಳಿದರು. ಕಂಪನಿಯವರೂ ಅದೇ ಎಚ್ ಹಾಕಿದ್ದಾರೆ. ಅಂದ ಮೇಲೆ ಕಾಕತಾಳೀಯವೆನ್ನುವ ಮಾತೇ ಇಲ್ಲ.

ಯಾರ ಮೇಲೆ ಅನುಮಾನವೆಂದು ಕೇಳಿದಾಗ ಅವರು ಮೊದಲ ಬಾರಿಗೆ ತಡವರಿಸಿದರು. ಉಗ್ರಾಣದ ಮಾಮನ ನಾಲಿಗೆಗೆ ಹುಟ್ಟಿನಿಂದಲೂ ಳಕಾರ ಬರುತ್ತಿರಲಿಲ್ಲ, ಎಲ್ಲ ಲಕಾರವೇ. ಬಳೆ ಅವರ ಬಾಯಲ್ಲಿ ಬಲೆಯೇ ಆಗಬೇಕು. ಸಾಲದ್ದಕ್ಕೆ ಕಾರ್ಖಾನೆಯ ವಕೀಲರೂ ಆಗಿರುವ ತಂಗಿಯ ಗಂಡ, ಚಹಾದ ಅಂಗಡಿಯಲ್ಲಿ ಮಾಮ ಆ ಕಂಪನಿಯವನಿಗೆ ಹೆಸರು ಹೇಳಿದ್ದನ್ನು ತಾವೇ ಕಿವಿಯಾರೆ ಕೇಳಿದ್ದಾಗಿ ಬೆಳಗ್ಗೆ ತಿಳಿಸಿದ್ದರು. ಯಜಮಾನಿ ಮಾಮನನ್ನು ಗೇಟಿನ ಹತ್ತಿರ ಕರೆದು, ಕಳ್ಳ ಎಂದು ಕೂಗಿ, ಮನೆಗೆ ಹೋಗಿ ಅಂದುಬಿಟ್ಟಿದ್ದರು.

"ಹೋದ್ರಾ?"

"ಇಲ್ಲ. ಗೇಟ್ ಹತ್ರ ಕೂತಿದ್ದಾರೆ. ಏಳಲ್ವಂತೆ."

"ಒಳ್ಳೇ ಮನುಷ್ಯ ಅನ್ಸುತ್ತೆ," ಎಂದು ಚಿಕ್ಕಮ್ಮ ಚಪ್ಪಲಿ ಹುಡುಕಿದಳು.

ಮಾಮ ನಿಜಕ್ಕೂ ಗೇಟಿನ ಪಕ್ಕ, ಒಂದು ಖಾಲಿ ಪೆಟ್ಟಿಗೆಯ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಉಗ್ರಾಣದ ಬೀಗದ ಕೈಗೊಂಚಲು ಇನ್ನೂ ಸೊಂಟದಲ್ಲಿತ್ತು. ಕೆಲಸದಿಂದ ತೆಗೆದರೆ ಬೀಗದ ಕೈ ಕೇಳಿ ಪಡೆಯಬೇಕು, ಯಾರೂ ಕೇಳಿಲ್ಲ, ಹಾಗಾಗಿ ತಾವಿನ್ನೂ ಕೆಲಸದಲ್ಲೇ ಇರುವುದಾಗಿ ಅವರ ವಾದ. ಚಹಾದ ಅಂಗಡಿಗೆ ದಿನಾ ಸಂಜೆ ಹೋಗುವುದನ್ನು ಅವರು ಮುಚ್ಚಿಡಲಿಲ್ಲ. ದೊಡ್ಡ ಕಂಪನಿಯ ಹಳೇ ಗೆಳೆಯರ ಜೊತೆ ಕೂರುವುದನ್ನೂ ಮುಚ್ಚಿಡಲಿಲ್ಲ.

"ಮಾತಾಡಿದ್ದು ಮೊಮ್ಮಕ್ಕಲ ವಿಷಯ, ಮಂಡಿನೋವಿನ ವಿಷಯ," ಎಂದರು. "ಕಾರ್ಖಾನೆ ವಿಷಯ ಒಂದಕ್ಷರ ಆಡಿಲ್ಲ. ನಂಬೋರು ನಂಬಲಿ, ಬಿಡೋರು ಬಿಡಲಿ. ಕಲ್ಲ ಅನ್ನಿಸ್ಕೊಂಡು ಮನೆಗೆ ಹೋಗೋನಲ್ಲ ನಾನು. ಒಲಗೆ ಹೋಗೋರು ಕೈಗೆ ಕಡಗ ಹಾಕ್ಕೊಂಡು ಹೋಗಿ ತಾಯಿ. ಏನಾದ್ರೂ ಮುಟ್ಟಿದ್ರೆ ಸುಟ್ಟು ಹೋಗುತ್ತೆ."

ಹೇಳುತ್ತಾ ಪಕ್ಕದ ಡಬ್ಬಿಯಿಂದ ಎರಡು ಪಟ್ಟಿ ತೆಗೆದು ಕೊಟ್ಟರು. ಮನೆಗೆ ಕಳಿಸಲ್ಪಟ್ಟ ಮನುಷ್ಯ ಗೇಟಿನಲ್ಲೇ ಉಗ್ರಾಣ ತೆರೆದಿದ್ದು ಕಂಡು ನನಗೆ ನಗು ಬಂತು. ಚಿಕ್ಕಮ್ಮ ನಗಲಿಲ್ಲ. "ಇನ್ನೊಂದ್ಸಲ ಹೇಳಿ ಮಾಮ, ಏನು ಹಾಕ್ಕೋಬೇಕು?" ಎಂದು ಕೇಳಿದಳು. ಅವರು ಪಟ್ಟಿ ತೋರಿಸಿ, "ಇದೇ ತಾಯಿ, ಕಡಗ," ಎಂದರು.

ಒಳಗೆ ಉದ್ದನೆಯ ಮೇಜುಗಳ ಮುಂದೆ ಹೆಂಗಸರು ತಲೆ ತಗ್ಗಿಸಿ ಕೂತಿದ್ದರು. ಬೆಸುಗೆಯ ಹೊಗೆಯ ವಾಸನೆ ಸಣ್ಣಗೆ ಹರಡಿತ್ತು. ಬೆಸುಗೆಯ ಸಾಲಿನ ತುದಿಯಲ್ಲಿ ಕೂತಿದ್ದವಳು ಯಜಮಾನಿಯ ತಂಗಿ. ಅವಳು ತಲೆ ಎತ್ತದೆಯೇ, ಮಾಮ ಹಾಗೆ ಮಾಡುವವರಲ್ಲವೆಂದೂ, ಆದರೆ ತನ್ನ ಗಂಡ ಸುಳ್ಳು ಹೇಳುತ್ತಾರೆ ಎಂದು ತಾನು ಹೇಗೆ ಹೇಳಲಿ ಎಂದೂ ಕೇಳಿದಳು.

ಇಂಗ್ಲಿಷ್ ಅಕ್ಷರಗಳನ್ನು ಮೊದಲೇ ಕಂಡಿದ್ದವರು ಯಾರು ಯಾರು ಎಂದು ಚಿಕ್ಕಮ್ಮ ವಿಚಾರಿಸಿದಳು. ಯಜಮಾನಿಯನ್ನು ಬಿಟ್ಟರೆ ಮೂವರೇ: ಚಿತ್ರ ಬರೆಯುವ ಹುಡುಗಿ, ಹೆಸರಿನ ಬಗ್ಗೆ ಸಲಹೆ ಕೊಟ್ಟ ಪ್ರೊಫೆಸರು, ಹೆಸರನ್ನು ನೋಂದಾಯಿಸಬೇಕಿದ್ದ ವಕೀಲರು. ಉಳಿದವರೆಲ್ಲ ಹೆಸರನ್ನು ಬಾಯಿಮಾತಿನಲ್ಲಿ ಮಾತ್ರ ಕೇಳಿದ್ದರು. ಅಕ್ಷರ ಕೊರೆದ ಕಂಪ್ಯೂಟರ್ ಮುಚ್ಚಳಗಳು ಜಾಹೀರಾತು ಬಂದ ದಿನವೇ, ಅದೂ ಮಾಮನನ್ನು ಹೊರಗೆ ಕಳಿಸಿದ ಮೇಲೆ, ಜೋಡಣೆಯ ಮೇಜುಗಳಿಗೆ ಬಂದಿದ್ದವು.

ಚಿತ್ರದ ಹುಡುಗಿಯ ಕೋಣೆ ಶೆಡ್ಡಿನ ಹಿಂಭಾಗದಲ್ಲಿತ್ತು. ಮುಚ್ಚಳಗಳ ಮೇಲೆ ಅಕ್ಷರ ಕೊರೆಯುವ ಯಂತ್ರವೂ ಅಲ್ಲೇ. ಅವಳಿಗೆ ಕಾರ್ಖಾನೆಯಲ್ಲಿ ಬಾಳೆಹಣ್ಣು ಎಂಬ ಅಡ್ಡಹೆಸರು. ಕಾರಣ ಅವಳೇ ಹೇಳಿದಳು. ಮೊದಲು ಫೋನಿಗೆ ಬರೀ ಇಂಗ್ಲಿಷ್ ಅಕ್ಷರ ಬಂದಾಗ ಅವಳು ಅದನ್ನು 'ಬಾಳೆ' ಎಂದು ಓದಿಕೊಂಡಿದ್ದಳು. ಸೇಬಿನ ಹೆಸರಿನ ಕಂಪ್ಯೂಟರ್ ಜಗತ್ತೆಲ್ಲ ಮಾರಾಟವಾಗುವಾಗ ಬಾಳೆಗೇನು ಕಡಿಮೆ ಎಂದು ಸೊಗಸಾದೊಂದು ಬಾಳೆಹಣ್ಣು ಬರೆದು ಕಳಿಸಿದ್ದಳು. ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆಮೇಲೆ ಅರ್ಥ ತಿಳಿದು ಬರೆದ ಚಿತ್ರ ಗೋಡೆಯ ಮೇಲಿತ್ತು: ಒಂದು ಉಂಗುರದಂಥ ಗೆರೆ, ಅದರಿಂದ ಹೊರಟ ಸಣ್ಣ ತಂತಿ. ಸರಳವಾಗಿತ್ತು, ಕಣ್ಣು ಕೀಳಲಾಗುತ್ತಿರಲಿಲ್ಲ.

"ಈ ಚಿತ್ರ ಬಿಟ್ಟು ಬರೀ ಹೆಸರು ಕದ್ದೋರಿಗೆ ಬುದ್ಧಿ ಇಲ್ಲ," ಎಂದಳು ಹುಡುಗಿ, ಕಣ್ಣೀರು ಒರೆಸಿಕೊಳ್ಳುತ್ತಾ. ಅವಳಿಗೆ ಅವಮಾನವಾಗಿದ್ದು ಅದಕ್ಕೇ ಇರಬೇಕು.

ಪ್ರೊಫೆಸರ ಮನೆಯಲ್ಲಿ ಪುಸ್ತಕ ಸರಿಸದೆ ಕೂರಲು ಜಾಗವಿರಲಿಲ್ಲ. ಅವರು ಕಂಪ್ಯೂಟರ್ ಕಂಪನಿಗಳ ಹೆಸರಿನ ಹುಟ್ಟನ್ನೇ ಅಭ್ಯಾಸ ಮಾಡಿದವರು. ಯಜಮಾನಿ ಅವರಿಗೆ ಬೇಕೆಂದೇ ಅರ್ಥ ತಿಳಿಸದೆ ಅಕ್ಷರಗಳನ್ನಷ್ಟೇ ತೋರಿಸಿ, ಬೇರೆ ಭಾಷೆಗಳಲ್ಲಿ ಕೆಟ್ಟ ಅರ್ಥವೇನಾದರೂ ಬರುತ್ತದೆಯೇ ಎಂದು ಕೇಳಿದ್ದರು. ನಾವು ಬಂದ ಕಾರಣ ಕೇಳುವ ಮೊದಲೇ ಅವರು ಶುರುಮಾಡಿದರು. ಏಸರ್ ಎಂದರೆ ಲ್ಯಾಟಿನ್ನಿನಲ್ಲಿ ಚೂಪು, ಚುರುಕು. ಏಸಸ್ ಎಂಬುದು ರೆಕ್ಕೆಯ ಕುದುರೆ ಪೆಗಾಸಸ್‌ನ ಬಾಲ. ಅಕ್ಷರಮಾಲೆಯಲ್ಲಿ ಮುಂದೆ ಬರಲೆಂದು ತಲೆ ಕತ್ತರಿಸಿದರಂತೆ. ಲೆನೊವೊ ಹಳೆಯ ಹೆಸರಿನ ತಲೆಗೆ 'ಹೊಸದು' ಎಂಬರ್ಥದ ಲ್ಯಾಟಿನ್ ಪದ ಅಂಟಿಸಿದ್ದು. ತೋಶಿಬಾ ಎರಡು ಕಂಪನಿಗಳು ಕೂಡಿದಾಗ ಎರಡರ ಹೆಸರೂ ಕೂಡಿಕೊಂಡದ್ದು. ಇನ್ನಿಬ್ಬರು ಗೆಳೆಯರು ತಮ್ಮ ಕಂಪನಿಗೆ ಯಾರ ಹೆಸರು ಮೊದಲೆಂದು ನಾಣ್ಯ ಚಿಮ್ಮಿ ನೋಡಿದರಂತೆ.

ಚಿಕ್ಕಮ್ಮ ಕೇಳಿದಳು, "ಕಂಪನಿಗಳು ಹೆಸರಿನ ಅರ್ಥ ಯಾವಾಗ ಹೇಳ್ತಾವೆ ಸರ್? ಯಂತ್ರ ತೋರಿಸೋಕೆ ಮುಂಚೆನಾ, ಆಮೇಲಾ?"

ಪ್ರೊಫೆಸರು ಅರೆಕ್ಷಣ ಯೋಚಿಸಿದರು. ಸಾಮಾನ್ಯವಾಗಿ ಮೊದಲು ಯಂತ್ರ ಮಾರುತ್ತಾರೆ. ಅರ್ಥ ಯಾರಾದರೂ ಕುತೂಹಲದಿಂದ ಕೇಳಿದಾಗ ಹೇಳುತ್ತಾರೆ. ಯಂತ್ರವಿಲ್ಲದೆ ಅರ್ಥವನ್ನೇ ಜಾಹೀರಾತು ಮಾಡಿದ್ದನ್ನು ತಾವು ಕಂಡಿಲ್ಲ, ಎಂದರು. ಆಮೇಲೆ ಚಿಕ್ಕಮ್ಮ ಒಂದು ಚೀಟಿಯಲ್ಲಿ ಆ ಐದು ಅಕ್ಷರ ಬರೆದು ಓದಿಸಿದಳು.

"ಬಾಲೆ," ಎಂದರು ತಕ್ಷಣ. "ಎಳೇ ಹುಡುಗಿ. ಆ ಹೆಣ್ಣುಮಗಳಿಗೆ ಆವತ್ತೇ ಹೇಳಿದೆ, ಕಂಪ್ಯೂಟರಿಗೆ ಇದು ತೀರಾ ಕೋಮಲವಾಯ್ತು ಅಂತ. ಕೇಳಲಿಲ್ಲ. ಈಗ ನೋಡಿದ್ರೆ ಪೇಪರಲ್ಲಿ ಬಲೆ ಅಂತ ಬಂದಿದೆ. ಆ ಓದು ನನಗೆ ಯಾಕೆ ಹೊಳೀಲಿಲ್ಲವೋ."

ಅದು ಬಳೆ ಎಂದು ಚಿಕ್ಕಮ್ಮ ತಿಳಿಸಿದಾಗ ಅವರು ಚೀಟಿಯನ್ನು ಕಸಿದುಕೊಂಡು ಮತ್ತೆ ಓದಿದರು.

ಕೊನೆಗೆ ವಕೀಲರು. ಅವರ ಕಚೇರಿ ತಂಪಾಗಿತ್ತು, ಚೊಕ್ಕಟವಾಗಿತ್ತು. ಹೆಸರು ನೋಂದಾಯಿಸಲು ತಡವಾದದ್ದೇಕೆ ಎಂದರೆ, ಪ್ರೊಫೆಸರ ಅಭಿಪ್ರಾಯ ಬರಲೆಂದು ಕಾದೆ, ನನ್ನದೇ ತಪ್ಪು, ಎಂದು ತಾವಾಗಿ ಒಪ್ಪಿಕೊಂಡರು. ಈಗ ದೊಡ್ಡ ಕಂಪನಿಯ ಜೊತೆ ಕಾದಾಡುವುದರಲ್ಲಿ ಅರ್ಥವಿಲ್ಲವೆಂದೂ, ಹೆಸರು ಬಿಟ್ಟುಕೊಟ್ಟು ಮುಂದಿನ ವರ್ಷ ನೋಡಿಕೊಳ್ಳಿ ಎಂದು ಅಕ್ಕನಿಗೆ ಬುದ್ಧಿ ಹೇಳಿ ಎಂದೂ ನಮ್ಮನ್ನೇ ಕೇಳಿಕೊಂಡರು.

ಚಹಾದ ಅಂಗಡಿಯಲ್ಲಿ ಕೇಳಿದ್ದೇನು ಎಂದು ಚಿಕ್ಕಮ್ಮ ಕೇಳಿದಳು. ತಾವು ಹಿಂದಿನ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಾಗಿ ಹೇಳಿ, ವಕೀಲರು ಮಾಮನ ದನಿಯನ್ನೇ ಅನುಕರಿಸಿದರು: "'ಯಾರಿಗೂ ಹೇಲ್ಬೇಡಿ. ನಮ್ಮ ಯಂತ್ರಕ್ಕೆ ಬಲೆ ಅಂತ ಹೆಸರು.' ಹೀಗಂದ. ಆ ನಾಲಿಗೆ ಇನ್ಯಾರದ್ದು ಹೇಳಿ."

ಅನುಕರಣೆ ಎಷ್ಟು ಚೆನ್ನಾಗಿತ್ತೆಂದರೆ ನಾನು ನಕ್ಕುಬಿಟ್ಟೆ. ಚಿಕ್ಕಮ್ಮ ಮಾತ್ರ, "ಇನ್ನೊಂದ್ಸಲ ಹೇಳಿ," ಎಂದಳು. ಅವರು ಇನ್ನೊಮ್ಮೆ, ಮೊದಲಿಗಿಂತ ಚೆನ್ನಾಗಿ ಹೇಳಿದರು.

ಸ್ಕೂಟರ್ ಹತ್ತುವಾಗ ಅವಳು, ನಾಳೆ ಎಲ್ಲರನ್ನೂ ಶೆಡ್ಡಿಗೆ ಬರಹೇಳು ಎಂದಳು.

ಮರುದಿನ ಮಧ್ಯಾಹ್ನ ಜೋಡಣೆಯ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಹೆಂಗಸರೆಲ್ಲ ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತರು. ಪ್ರೊಫೆಸರು ಮುಂದಿನ ಸಾಲಿನಲ್ಲಿ. ವಕೀಲರು ಹೆಂಡತಿಯ ಪಕ್ಕ, ಕಾಲ ಮೇಲೆ ಕಾಲು ಹಾಕಿಕೊಂಡು. ಮಾಮನನ್ನು ಒಳಗೆ ಕರೆದರೆ, ತನ್ನನ್ನು ಹೊರಗೆ ಹಾಕಿದವರು ಕರೆಯಲಿ ಎಂದು ಬರಲೊಪ್ಪಲಿಲ್ಲ. ಕೊನೆಗೆ ದೊಡ್ಡ ಬಾಗಿಲನ್ನೇ ತೆರೆದಿಟ್ಟು, ಅವರು ಹೊಸ್ತಿಲಾಚೆ ತಮ್ಮ ಪೆಟ್ಟಿಗೆಯ ಮೇಲೆ ಕೂತು ಕೇಳುವುದೆಂದಾಯಿತು.

ಚಿಕ್ಕಮ್ಮ ಪೀಠಿಕೆ ಹಾಕಲಿಲ್ಲ.

"ಕಳವು ಬಾಯಿಂದ ಆಗಿಲ್ಲ, ಅಕ್ಷರದಿಂದ ಆಗಿದೆ," ಎಂದಳು. "ಕೊನೇಲಿರೋ ಎಚ್‌ಗೆ ಸದ್ದೇ ಇಲ್ಲ. ಚಹಾದ ಅಂಗಡೀಲಿ ಯಾರು ಎಷ್ಟು ಸಲ ಬಳೆ ಅಂದ್ರೂ, ಬಲೆ ಅಂದ್ರೂ, ಆ ಎಚ್ ಕೇಳಿಸಲ್ಲ. ಅದನ್ನ ಕಣ್ಣಲ್ಲಿ ನೋಡಿದವರೇ ಕೊಟ್ಟಿರ್ಬೇಕು. ಮಾಮ ಆ ಅಕ್ಷರ ನೋಡೇ ಇರ್ಲಿಲ್ಲ. ನೋಡಿದ್ದವರು ಮೂರು ಜನ."

ಚಿತ್ರದ ಹುಡುಗಿಯ ಮುಖ ಬಿಳಿಚಿತು. ಚಿಕ್ಕಮ್ಮ ಅವಳತ್ತ ನೋಡಿ ನೀನಲ್ಲ ಎಂಬಂತೆ ತಲೆಯಾಡಿಸಿದಳು. ಈ ಹುಡುಗಿಯ ಕೈಯಲ್ಲಿ ಹೆಸರಿಗಿಂತ ಬೆಲೆಬಾಳುವ ಚಿತ್ರವಿತ್ತು. ಕೊಡುವವಳಾಗಿದ್ದರೆ ಎರಡನ್ನೂ ಕೊಡುತ್ತಿದ್ದಳು. ಅಲ್ಲಿ ಆತುರಾತುರವಾಗಿ ಗೀಚಿದ ಮೀನಿನ ಬಲೆ ಇರುತ್ತಿರಲಿಲ್ಲ, ಎಂದಳು. ಇನ್ನು ಪ್ರೊಫೆಸರು. ಅವರ ಪಾಲಿಗೆ ಅದು ನಿನ್ನೆಯವರೆಗೂ ಬಾಲೆಯೇ ಆಗಿತ್ತು. ಬಲೆ ಎಂಬ ಓದು ತಮಗೆ ಹೊಳೆಯಲಿಲ್ಲವೆಂದು ಅವರಿಗೇ ಬೇಸರ. ತನಗೆ ಹೊಳೆಯದ ಅರ್ಥವನ್ನು ಯಾರೂ ಮಾರಲಾರರು.

"ಅದು ಬರೀ ಎಣಿಕೆ," ಎಂದರು ವಕೀಲರು ತಾಳ್ಮೆಯಿಂದ. "ಅಕ್ಷರ ಸಿಕ್ಕಿದ ಮೇಲೆ ಅರ್ಥ ಆ ಕಂಪನಿಯವರೇ ಹುಡುಕಿಕೊಂಡಿರಬಹುದು. ಮೂರು ಜನರಲ್ಲಿ ಇಬ್ಬರನ್ನ ಕಳೆದು ಉಳಿದವನೇ ಕಳ್ಳ ಅಂದ್ರೆ ಯಾವ ಕೋರ್ಟೂ ಒಪ್ಪಲ್ಲ. ನಾನು ಕಿವಿಯಾರೆ ಕೇಳಿದ್ದು ಏನಾಯ್ತು?"

"ಅದಕ್ಕೇ ಬಂದೆ. ನೀವು ಕೇಳಿದ್ದನ್ನ ಇಲ್ಲಿ ಎಲ್ಲರ ಮುಂದೆ ಇನ್ನೊಂದ್ಸಲ ಹೇಳಿ."

ವಕೀಲರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲಾಚೆ ಕೂತವರನ್ನೊಮ್ಮೆ ನೋಡಿ, ಅದೇ ದನಿಯಲ್ಲಿ ಹೇಳಿದರು. "'ಯಾರಿಗೂ ಹೇಲ್ಬೇಡಿ. ನಮ್ಮ ಯಂತ್ರಕ್ಕೆ ಬಲೆ ಅಂತ ಹೆಸರು.'"

ನಾನು ನಗು ನಿರೀಕ್ಷಿಸಿದ್ದೆ. ಒಬ್ಬರೂ ನಗಲಿಲ್ಲ. ಬೆಂಚುಗಳ ಮೇಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಕೀಲರ ಹೆಂಡತಿ ಮೆಲ್ಲಗೆ ಕುರ್ಚಿಯನ್ನು ಗಂಡನಿಂದ ಒಂದು ಮೊಳ ಆಚೆಗೆ ಎಳೆದುಕೊಂಡಳು. ಏನಾಯಿತೆಂದು ವಕೀಲರಿಗೆ ಮಾತ್ರ ಅರ್ಥವಾಗಲಿಲ್ಲ.

ಚಿಕ್ಕಮ್ಮ ತನ್ನ ಕೈಗೆ ತೊಟ್ಟಿದ್ದ ಪಟ್ಟಿಯನ್ನು ಎತ್ತಿ ಹಿಡಿದಳು. "ಮಾಮ ಇದಕ್ಕೆ ಏನಂತಾರೆ?" ಎಂದು ಬೆಂಚಿನತ್ತ ತಿರುಗಿ ಕೇಳಿದಳು.

"ಕಡಗ," ಎಂದು ಹೆಂಗಸರೆಲ್ಲ ಒಟ್ಟಿಗೆ ಹೇಳಿದರು.

"ನಾವೆಲ್ಲ ಬಳೆ ಅಂತೀವಿ. ಅವ್ರು ಒಂದು ದಿನವೂ ಅಂದಿಲ್ಲ," ಎಂದಳು ತಂಗಿ. "ಹೇಳಿ ಅನ್ನೋ ಮಾತು ಕೂಡ ಅವ್ರು ಆಡಲ್ಲ. ಅನ್ನಿ ಅಂತಾರೆ, ತಿಳಿಸಿ ಅಂತಾರೆ. ಯಾಕೆ ಅಂತ ನಮಗೆಲ್ಲ ಗೊತ್ತು."

ಚಿಕ್ಕಮ್ಮ ಅದನ್ನು ಬಿಡಿಸಿ ಹೇಳಿದಳು. ಹುಟ್ಟಿನಿಂದ ಒಂದು ಅಕ್ಷರ ಹೊರಳದ ಮನುಷ್ಯ ಅದರ ಜೊತೆ ಬಾಳುವುದನ್ನೂ ಕಲಿತಿರುತ್ತಾನೆ. ಒಳಗೆ ಎನ್ನುವುದು ಒಲಗೆ ಆದರೆ ಯಾರೂ ನಗುವುದಿಲ್ಲ. ಅದನ್ನು ಧಾರಾಳವಾಗಿ ಆಡುತ್ತಾನೆ. ಕೆಲವು ಪದ ಮಾತ್ರ ಳಕಾರ ತಪ್ಪಿದರೆ ಹೊಲಸಾಗುತ್ತವೆ, ಇಲ್ಲವೇ ಅಪಶಕುನವಾಗುತ್ತವೆ. ಅಂಥ ಪದಗಳನ್ನು ಅವನು ಸುತ್ತುಹಾಕಿ ದಾಟುತ್ತಾನೆ. ತಾವೆಲ್ಲ ಬೆವರು ಸುರಿಸಿ ಕಟ್ಟಿದ ಯಂತ್ರವನ್ನು ಮಾಮ ತಮ್ಮ ಬಾಯಿಂದ ಬಲೆ ಎಂದು ಕರೆಯಲಾರರು. ಆದ್ದರಿಂದಲೇ ಕಡಗ.

"ಇಲ್ಲಿ ಕೆಲಸ ಮಾಡೋರಿಗೆಲ್ಲ ಇದು ಗೊತ್ತು," ಎಂದಳು ವಕೀಲರತ್ತ ತಿರುಗಿ. "ನೀವು ಯಾವತ್ತೂ ಆಫೀಸ್ ಕೋಣೆ ದಾಟಿ ಈಚೆಗೆ ಬಂದೋರಲ್ಲ. ಅವರ ನಾಲಿಗೆ ಹೇಗೆ ಅಂತ ಗೊತ್ತಿತ್ತು, ಮನುಷ್ಯ ಹೇಗೆ ಅಂತ ಗೊತ್ತಿರ್ಲಿಲ್ಲ. ಅವರು ಜನ್ಮದಲ್ಲಿ ಆಡದ ಎರಡು ಪದಗಳನ್ನೇ ಆರಿಸಿ ಅವರ ಬಾಯಿಗೆ ತುರುಕಿದಿರಿ. ನೀವು ಚಹಾದ ಅಂಗಡೀಲಿ ಏನೂ ಕೇಳಿಲ್ಲ. ಕೇಳದೇ ಇರೋದನ್ನ ಕೇಳಿದೆ ಅನ್ನೋಕೆ ಕಾರಣ ಒಂದೇ ಇರೋಕೆ ಸಾಧ್ಯ."

ಜಾಹೀರಾತನ್ನೂ ಅವಳು ಬಿಡಲಿಲ್ಲ. ಯಂತ್ರ ತೋರಿಸದೆ, ಹೆಸರಿನ ಹುಟ್ಟನ್ನು ಸಾಕ್ಷಿ ನುಡಿದ ಹಾಗೆ ಮುದ್ರಿಸಿದ್ದು ವ್ಯಾಪಾರದ ಬುದ್ಧಿಯಲ್ಲ, ಕಾನೂನಿನ ಬುದ್ಧಿ. ನಾಳೆ ತಗಾದೆ ಎದ್ದರೆ, ನಮ್ಮದು ಬೇರೆ ಪದ, ನಿಮ್ಮದು ಬೇರೆ ಪದ, ಅಕ್ಷರ ಮಾತ್ರ ತಾಳೆಯಾಯಿತು ಎನ್ನಲು ದಾರಿ. ಅದೇ ಬಲೆ ಎಂಬ ಪದದಿಂದ ಮಾಮನ ಕೊರಳಿಗೂ ಗಂಟು ಬೀಳುತ್ತದೆ. ಬೇರಾವ ಪದಕ್ಕೂ ಸಂಬಂಧವಿಲ್ಲ ಎಂದು ಬರೆಯಬೇಕಾದರೆ, ಇನ್ನೊಂದು ಪದ ಇದೆಯೆಂದು ಗೊತ್ತಿರಬೇಕು. ಅಕ್ಷರವೂ ಗೊತ್ತಿದ್ದು, ಬಳೆ ಎಂಬ ಅರ್ಥವೂ ಗೊತ್ತಿದ್ದು, ಕಾನೂನೂ ಗೊತ್ತಿದ್ದು, ನೋಂದಣಿಯನ್ನು ಬೇಕೆಂದೇ ಮುಂದೂಡುತ್ತಾ ಬಂದವರು ಒಬ್ಬರೇ.

ವಕೀಲರು ಬಹಳ ಹೊತ್ತು ವ್ಯರ್ಥವಾಗಿ ವಾದಿಸಲಿಲ್ಲ. ದೊಡ್ಡ ಕಂಪನಿ ತಮ್ಮನ್ನು ಕಾನೂನು ಸಲಹೆಗಾರನನ್ನಾಗಿ ಮಾಡಿಕೊಂಡಿದೆ, ಅದರಲ್ಲಿ ತಪ್ಪೇನೂ ಇಲ್ಲ, ಎಂದರು. ಶೆಡ್ಡಿನಲ್ಲಿ ಕೂತು ಆ ಕಂಪನಿಯನ್ನು ಎದುರು ಹಾಕಿಕೊಳ್ಳುವುದು ಹುಚ್ಚೆಂದೂ, ಇವತ್ತಲ್ಲ ನಾಳೆ ಎಲ್ಲರೂ ಅಲ್ಲಿಗೇ ಮರಳಬೇಕಾದವರೆಂದೂ, ತಾವು ಅದನ್ನು ಬೇಗ ಮುಗಿಸಿದ್ದಷ್ಟೇ ಎಂದೂ ಹೇಳಿದರು. ಆಮೇಲೆ ಹೆಂಡತಿಯ ಕಡೆ ನೋಡಿ, "ನಡಿ, ಹೋಗೋಣ," ಎಂದರು.

ತಂಗಿ ಎದ್ದಳು. ಗೋಡೆಗೆ ಸರಿಸಿದ್ದ ತನ್ನ ಮೇಜನ್ನು ಎರಡೂ ಕೈಯಿಂದ ಎಳೆದು ಮೊದಲಿದ್ದ ಜಾಗಕ್ಕೆ ತಂದು ನಿಲ್ಲಿಸಿದಳು. ಮಣಿಕಟ್ಟಿಗೆ ಪಟ್ಟಿ ತೊಟ್ಟು ತಂತಿ ಸಿಕ್ಕಿಸಿದಳು.

"ನೀವು ಹೋಗಿ," ಎಂದಳು. "ನಂಗೆ ಕೆಲಸ ಇದೆ."

ಅವರು ಹೋದರು. ಬಾಗಿಲಲ್ಲಿ ಮಾಮ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು.

ಯಜಮಾನಿ ಮಾಮನ ಹತ್ತಿರ ಬಂದು ಕೈ ಮುಗಿದರು. ತಪ್ಪಾಯಿತು ಎಂದು ಅವರು ಅನ್ನುವಷ್ಟರಲ್ಲಿ ಮಾಮ ತಡೆದರು. "ಇಲ್ಲಿ ಬೇಡ ಅಕ್ಕ. ನನ್ನನ್ನ ಕಲ್ಲ ಅಂದಿದ್ದು ಗೇಟ್ ಹತ್ರ, ರಸ್ತೇಲಿ ಹೋಗೋರೆಲ್ಲ ಕೇಲೋ ಹಾಗೆ. ಅಲ್ಲೇ ನಿಂತು ಅಲ್ಲ ಅನ್ನಿ."

ಯಜಮಾನಿ ಗೇಟಿನವರೆಗೆ ನಡೆದರು. ಇಡೀ ಸಾಲು ಅವರ ಹಿಂದೆ ಹೋಯಿತು. ರಸ್ತೆಯ ಜನ ನಿಂತು ನೋಡುವಂತೆ, ಈ ಮನುಷ್ಯ ಕಳ್ಳನಲ್ಲ, ನಾನು ಯೋಚಿಸದೆ ಆಡಿದೆ, ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಮಾಮ ಪೆಟ್ಟಿಗೆ ಎತ್ತಿಕೊಂಡು ಉಗ್ರಾಣಕ್ಕೆ ಹೋಗಿ ಬೀಗ ತೆಗೆದರು.

ಉಳಿದದ್ದು ಹೆಸರಿನ ಪ್ರಶ್ನೆ. ಎರಡು ದಿನದಲ್ಲಿ ಪ್ರದರ್ಶನ. ಕಳವು ಯಾರದೆಂದು ಗೊತ್ತಾದರೂ ನ್ಯಾಯ ತೀರ್ಮಾನವಾಗಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಐದು ಅಕ್ಷರ ಇಟ್ಟುಕೊಂಡು ಹೋದರೆ ಕಂಪನಿಯವರು ಮಳಿಗೆಯನ್ನೇ ಮುಚ್ಚಿಸಬಹುದು. ಪ್ರೊಫೆಸರು ಉತ್ಸಾಹದಿಂದ ಮೂರು ಲ್ಯಾಟಿನ್ ಹೆಸರು ಸೂಚಿಸಿದರು. ಯಜಮಾನಿ ಮುಚ್ಚಳವೊಂದನ್ನು ಕೈಗೆತ್ತಿಕೊಂಡು ಆ ಅಕ್ಷರಗಳನ್ನು ನೋಡುತ್ತಾ ನಿಂತಿದ್ದರು.

"ಬಾಳೆ ಅಂತ ಓದಿದ್ರು, ಬಾಲೆ ಅಂತ ಓದಿದ್ರು, ಬಲೆ ಅಂತ ಓದಿದ್ರು," ಎಂದರು. "ನಾವು ಇಟ್ಟ ಹೆಸರನ್ನ ಒಬ್ರೂ ಓದ್ಲಿಲ್ಲ. ನಮ್ಮ ಮಾತನ್ನ ಬೇರೆಯವರ ಅಕ್ಷರಕ್ಕೆ ಹಾಕಿದ್ದೇ ನಾನು ಮಾಡಿದ ತಪ್ಪು. ಆ ಅಕ್ಷರ ಅವರೇ ಇಟ್ಕೊಳ್ಳಲಿ. ಉಜ್ಜಿ ಹಾಕಿ ಇದನ್ನ."

ಆ ದಿನವೆಲ್ಲ, ಮರುದಿನವೆಲ್ಲ ಶೆಡ್ಡಿನಲ್ಲಿ ಸ್ಯಾಂಡ್ ಪೇಪರಿನ ಸದ್ದು. ಎಲ್ಲರ ಜೊತೆ ಕೂತು ನಾನೂ ಉಜ್ಜಿದೆ, ಬೆರಳು ಕೆಂಪಾದವು. ಅಕ್ಷರ ಅಳಿಸಿ ನುಣುಪಾದ ಜಾಗದಲ್ಲಿ ಚಿತ್ರದ ಹುಡುಗಿ ಕನ್ನಡದಲ್ಲಿ ಎರಡೇ ಅಕ್ಷರ ಕೊರೆದಳು, ಪಕ್ಕದಲ್ಲಿ ಆ ಉಂಗುರ, ಆ ತಂತಿ.

ಪ್ರದರ್ಶನದ ಬೆಳಗ್ಗೆ ದೊಡ್ಡ ಕಂಪನಿಯ ಅಧಿಕಾರಿಯೊಬ್ಬ ಇಬ್ಬರನ್ನು ಕಟ್ಟಿಕೊಂಡು ನೇರವಾಗಿ ಮಳಿಗೆಗೆ ಬಂದ. ಕಂಪ್ಯೂಟರುಗಳತ್ತ ಸರಿಯಾಗಿ ನೋಡದೆಯೇ, ತಮ್ಮ ಕಂಪನಿಯ ಹೆಸರನ್ನು ತಕ್ಷಣ ತೆಗೆಯಬೇಕೆಂದ. ಸುತ್ತಲಿನ ಜನ ಮಾತು ನಿಲ್ಲಿಸಿ ತಿರುಗಿದರು.

"ಎಲ್ಲಿದೆ ನಿಮ್ಮ ಹೆಸರು?" ಎಂದರು ಯಜಮಾನಿ. "ತೋರಿಸಿ. ಓದಿ ತೋರಿಸಿ."

ಅವನು ಬಗ್ಗಿ ನೋಡಿದ. ಪಕ್ಕದ ಯಂತ್ರ ನೋಡಿದ. ಅದರ ಪಕ್ಕದ್ದನ್ನೂ ನೋಡಿದ. "ಬಳೆ," ಎಂದು ಓದಿದ, ಸ್ಪಷ್ಟವಾಗಿ. ಓದದೆ ದಾರಿಯಿರಲಿಲ್ಲ; ಹಾಗೇ ಬರೆದಿತ್ತು.

"ಅದು ನಿಮ್ಮದಾ?"

ಬಗ್ಗಿದ್ದವನು ನೆಟ್ಟಗಾದ. ಅದು ತಮ್ಮದಲ್ಲ, ಆ ಪದಕ್ಕೂ ತಮಗೂ ಸಂಬಂಧವಿಲ್ಲ ಎಂದು ಅವರ ಕಂಪನಿಯೇ ಅರ್ಧ ಪುಟ ಮುದ್ರಿಸಿತ್ತು. ಜೊತೆಗೆ ಬಂದಿದ್ದವರಲ್ಲೊಬ್ಬ ಅವನ ತೋಳು ಮುಟ್ಟಿದ. ಮೂವರೂ ಜನರ ನಡುವೆ ದಾರಿ ಮಾಡಿಕೊಂಡು ಹೋದರು.

ಅವರು ನಿಂತಿದ್ದ ಜಾಗಕ್ಕೆ ಶಾಲೆಯೊಂದರ ಮೇಡಂ ಬಂದು, ಈ ಯಂತ್ರ ಕೆಟ್ಟರೆ ಯಾರನ್ನು ಕರೆಯಬೇಕು ಎಂದು ಕೇಳಿದರು. ತಂಗಿ ಮೇಜಿನ ಆಚೆಯಿಂದ ಬಂದು ಅವರ ಕೈಗೆ ಸ್ಕ್ರೂಡ್ರೈವರ್ ಕೊಟ್ಟಳು.

"ಯಾರನ್ನೂ ಕರೀಬೇಡಿ," ಎಂದಳು. "ಬಿಚ್ಚಿ. ನಾನು ತೋರಿಸ್ತೀನಿ."